ಇಲಿಗೂ ದಕ್ಕದ ಆಯಸ್ಸು

ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಮುಪ್ಪನ್ನು ಮುಂದೂಡುತ್ತದೆ ಎಂಬ ಸುದ್ದಿಗೆ ರೆಕ್ಕೆ ಬಂದದ್ದು 2003ರಲ್ಲಿ. ಅದನ್ನು ಕೊಟ್ಟಾಗ ಯೀಸ್ಟ್‌ನ ಆಯಸ್ಸು ಹೆಚ್ಚಿತೆಂದು ಹಾರ್ವರ್ಡ್‌ನ ಡೇವಿಡ್ ಸಿಂಕ್ಲೇರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬರೆದರು. 2006ರಲ್ಲಿ, ಕೊಬ್ಬು ತಿಂದು ದಪ್ಪಗಾದ ಇಲಿಗಳ ಸರದಿ. ಫ್ರೆಂಚರು ಬೆಣ್ಣೆ, ಚೀಸ್ ತಿಂದೂ ಹೃದಯ ಕಾಪಾಡಿಕೊಳ್ಳುವುದು ಕೆಂಪು ವೈನಿನಿಂದ ಎಂಬ ಕಥೆ 1991ರಲ್ಲೇ ಅಮೆರಿಕದ ಟಿ.ವಿ.ಯಲ್ಲಿ ಬಂದುಹೋಗಿತ್ತು. ಕುಡಿಯುವುದಕ್ಕೂ ಬಾಳುವುದಕ್ಕೂ ಒಂದೇ ನೆಪ! ಇಂಥ ವಿಜ್ಞಾನ ಯಾರಿಗೆ ಬೇಡ?

ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. ಆ ಇಲಿಗಳಿಗೆ ಕೊಟ್ಟದ್ದು ಕಿಲೋ ತೂಕಕ್ಕೆ ದಿನಕ್ಕೆ 22.4 ಮಿಲಿಗ್ರಾಂ. ಅದನ್ನೇ 60 ಕಿಲೋದ ಮನುಷ್ಯನಿಗೆ ಹಿಡಿದರೆ 1,300 ಮಿಲಿಗ್ರಾಂ ದಾಟುತ್ತದೆ. ಒಂದು ಲೀಟರ್ ಕೆಂಪು ವೈನಿನಲ್ಲಿ ಸಿಗುವುದು ಕೆಲವೇ ಮಿಲಿಗ್ರಾಂ. ವೈನ್ ಸಾಲದು ಎಂದ ಮೇಲೆ ಮಾತ್ರೆ ಬಂತು. ನುಂಗಿದ್ದನ್ನೂ ಕರುಳು, ಯಕೃತ್ತು ಬೇಗನೆ ರೂಪಾಂತರಿಸಿಬಿಡುತ್ತವೆ, ಹಾಗೆಯೇ ರಕ್ತಕ್ಕೆ ಸೇರುವುದು ಬಲು ಕಡಿಮೆ.

ಅಷ್ಟರಲ್ಲಿ ದುಡ್ಡು ಓಡಲು ಶುರುವಾಗಿತ್ತು. ಇದೇ ಜಾಡಿನ ಔಷಧ ಹುಡುಕುತ್ತಿದ್ದ, ಸಿಂಕ್ಲೇರ್ ಸಹಸ್ಥಾಪಕರಾಗಿದ್ದ ಸರ್ಟ್ರಿಸ್ ಕಂಪನಿಯನ್ನು ಔಷಧ ಕಂಪನಿ ಗ್ಲಾಕ್ಸೊಸ್ಮಿತ್‌ಕ್ಲೈನ್ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಅದಕ್ಕೆ ಮೂರು ವರ್ಷ ಮೊದಲೇ ಎರಡು ಪ್ರಯೋಗಾಲಯಗಳು ಒಂದು ಎಡವಟ್ಟನ್ನು ಹಿಡಿದಿದ್ದವು. ರೆಸ್ವೆರಟ್ರಾಲ್ ಸರ್ಟ್1 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ ಎನ್ನುವುದೇ ಇಡೀ ವಾದದ ಬುಡ. ಅಳೆಯಲು ಅನುಕೂಲವಾಗಲೆಂದು ಪರೀಕ್ಷೆಯಲ್ಲಿ ಆ ಕಿಣ್ವ ಕೆಲಸ ಮಾಡುವ ಪ್ರೋಟೀನಿನ ತುಣುಕಿಗೆ ಹೊಳೆಯುವ ಬಣ್ಣವೊಂದನ್ನು ಅಂಟಿಸಿದ್ದರು. ಬಣ್ಣ ತೆಗೆದು ನೋಡಿದರೆ ಚುರುಕೂ ಇಲ್ಲ, ಗಿರುಕೂ ಇಲ್ಲ. 2010ರಲ್ಲಿ ಫೈಜರ್ ವಿಜ್ಞಾನಿಗಳೂ ಇದನ್ನೇ ಹೇಳಿದರು. ಕೆಲವು ಸಹಜ ಪ್ರೋಟೀನುಗಳ ಮೇಲೂ ಪರಿಣಾಮವಿದೆ ಎಂದು ಸಿಂಕ್ಲೇರ್ ತಂಡ 2013ರಲ್ಲಿ ಉತ್ತರ ಕೊಟ್ಟಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ವರ್ಷ ಗ್ಲಾಕ್ಸೊ ಸರ್ಟ್ರಿಸ್‌ನ ಕೇಂಬ್ರಿಡ್ಜ್ ಕಚೇರಿಗೆ ಬೀಗ ಹಾಕಿತು.

ಕಿಣ್ವದ ಜಗಳ ಬದಿಗಿರಲಿ, ಆಯಸ್ಸು ಹೆಚ್ಚಿತೇ? ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಕಾರ್ಯಕ್ರಮವೊಂದು ಮೂರು ಕೇಂದ್ರಗಳಲ್ಲಿ ಏಕಕಾಲಕ್ಕೆ ಪರೀಕ್ಷೆ ನಡೆಸುತ್ತದೆ. ಅಲ್ಲಿ ಮಾಮೂಲಿ ಆಹಾರ ತಿಂದ ಇಲಿಗಳ ಆಯಸ್ಸನ್ನು ರಪಮೈಸಿನ್ ಎಂಬ ಔಷಧ ಹೆಚ್ಚಿಸಿತು, ರೆಸ್ವೆರಟ್ರಾಲ್ ಹೆಚ್ಚಿಸಲಿಲ್ಲ. ಮನುಷ್ಯರ ಕಥೆಯೂ ಬೇರೆಯಲ್ಲ. ವೈನ್ ನಾಡಾದ ಇಟಲಿಯ ಕಿಯಾಂಟಿಯಲ್ಲಿ 65 ದಾಟಿದ 783 ಮಂದಿಯ ಮೂತ್ರದಲ್ಲಿ ರೆಸ್ವೆರಟ್ರಾಲ್‌ನ ಕುರುಹು ಅಳೆದು, ವರ್ಷಗಟ್ಟಲೆ ಗಮನಿಸಿದರು. ಅದು ಹೆಚ್ಚಿದ್ದವರು ಹೆಚ್ಚು ಕಾಲ ಬದುಕಲಿಲ್ಲ. ವರದಿ 2014ರಲ್ಲಿ ಪ್ರಕಟವಾಯಿತು.

ಇಲ್ಲಿ ವಿಜ್ಞಾನ ಸೋತಿತೆನ್ನುವವರು ತಪ್ಪು ಕಡೆ ಬೆರಳು ತೋರಿಸುತ್ತಿದ್ದಾರೆ. ವಿಜ್ಞಾನ ಅನುಮಾನಪಟ್ಟಿತು, ಮತ್ತೆ ಅಳೆಯಿತು, ಇಲ್ಲವೆಂದಿತು. ಮಾರುಕಟ್ಟೆ ಕೇಳಿಸಿಕೊಳ್ಳಲಿಲ್ಲ. ಅಮೆರಿಕದ 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳು ಕೆಲಸ ಮಾಡುತ್ತವೆಂದು ಮಾರುವ ಮುನ್ನ ಅಲ್ಲಿನ ಆಹಾರ-ಔಷಧ ನಿಯಂತ್ರಕ ಎಫ್‌ಡಿಎ ಮುಂದೆ ಸಾಬೀತು ಮಾಡಬೇಕಿಲ್ಲ, ಈ ಮಾತನ್ನು ಎಫ್‌ಡಿಎ ಪರಿಶೀಲಿಸಿಲ್ಲ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದರಾಯಿತು. ಹೊರೆಯೆಲ್ಲ ಕೊಳ್ಳುವವರ ತಲೆಗೆ! ಭಾರತದಲ್ಲೂ ಇವು ಔಷಧವಲ್ಲ, ಆಹಾರದ ಲೆಕ್ಕ. 'ಔಷಧೀಯ ಬಳಕೆಗಲ್ಲ' ಎಂಬರ್ಥದ ಇಂಗ್ಲಿಷ್ ಸಾಲೊಂದು ಡಬ್ಬಿಯ ಮೇಲಿರುತ್ತದೆ. ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕನ್ನಡಿಗರು ಅದನ್ನು ಓದುವುದಕ್ಕೆ ಭೂತಗನ್ನಡಿ ಹುಡುಕಬೇಕೇ? ಯಾವ ಪ್ರಾಣಿಯ ಮೇಲೆ, ಎಷ್ಟು ಪ್ರಮಾಣ ಕೊಟ್ಟು, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಡಬ್ಬಿಯ ಮುಂಭಾಗದಲ್ಲೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಅಚ್ಚು ಹಾಕಿಸಲು ನಿಯಂತ್ರಕರಿಗೆ ಏನು ಅಡ್ಡಿ?