ಮೆಷಿನ್ ಬದಲಿಸುವ ಮೊದಲು ವಾಷರ್ ಬದಲಿಸಿ

ಕಾಫಿಯ ವಿಷಯದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಕಾಫಿಯೆಂದರೆ ನಾವೇ ಎಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಜನ ಒಪ್ಪಿಕೊಂಡು ತಲೆಮಾರುಗಳಾದವು. ಆದರೆ ಈಚೆಗೆ ಗಲ್ಲದ ಮುಂದೆ ನಿಂತು ಪ್ರಶ್ನೆ ಕೇಳುವ ಗಿರಾಕಿಗಳು ಹೆಚ್ಚಾಗಿದ್ದಾರೆ. "ಒಂದು ಶಾಟ್‌ಗೆ ಎಷ್ಟು ಗ್ರಾಂ ಪುಡಿ ಹಾಕುತ್ತೀರಿ? ಬಾಸ್ಕೆಟ್ ಯಾವುದು? ಗ್ರೈಂಡರ್ ಬರ್ ಯಾವಾಗ ಬದಲಿಸಿದಿರಿ?" ಎಂದು ಕೇಳುತ್ತಾರೆ. ನಮ್ಮಲ್ಲಿ ಅನೇಕರು ಇದನ್ನು ಕೇಳಿ ನಗುತ್ತಾರೆ. ನಗುವ ವಿಷಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಕೇಳುವವರ ಮನೆಯ ಅಡುಗೆ ಕಟ್ಟೆಯ ಮೇಲೆ ಎಸ್ಪ್ರೆಸೊ ಮೆಷಿನ್ ಇದೆ. ಅದರ ಬಿಡಿ ಭಾಗಗಳನ್ನು ತಾವೇ ಬಿಚ್ಚಿ, ಒಳ್ಳೆಯದನ್ನು ಹಾಕಿ, ನಮ್ಮಲ್ಲಿ ಸಿಗುವುದಕ್ಕಿಂತ ಒಳ್ಳೆಯ ಕಾಫಿ ಕುಡಿದು ಬಂದಿರುತ್ತಾರೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸಬೇಕು. ಮದುವೆ ಊಟದ ಕಾಂಟ್ರಾಕ್ಟಿನಲ್ಲಿ 'ಎಸ್ಪ್ರೆಸೊ ಕಾಫಿ' ಎಂದು ನಾವು ಬರೆಯುತ್ತಾ ಬಂದದ್ದು ಬೇರೆಯೇ ವಸ್ತು. ಹಿತ್ತಾಳೆ ಬಾಯ್ಲರಿನ ಉಗಿಯನ್ನು ಹಾಲಿಗೆ ಬಿಟ್ಟು, ನೊರೆ ಬರಿಸಿ, ಇನ್‌ಸ್ಟಂಟ್ ಪುಡಿ ಹಾಕಿ, ಮೇಲೆ ಚಾಕಲೇಟ್ ಪುಡಿ ಉದುರಿಸುವುದು. ಜನರಿಗೆ ಅದು ಇಷ್ಟ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಜವಾದ ಎಸ್ಪ್ರೆಸೊ ಎಂದರೆ ಒತ್ತಡದ ಕೆಲಸ. ಇಟಲಿಯ ಮಿಲಾನಿನಲ್ಲಿ ಅಕಿಲೆ ಗಾಜಿಯಾ ಎಂಬವರು 1938ರಲ್ಲಿ ಉಗಿಯಿಲ್ಲದೆ ಕಾಫಿ ಇಳಿಸುವ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದ ನಂತರ ಅವರ ಲಿವರ್ ಮೆಷಿನ್ ಬಂತು, ಕಾಫಿಯ ಮೇಲೆ ಕಂದು ನೊರೆ ಕಾಣಿಸಿತು. 1961ರಲ್ಲಿ ಫಾಯೆಮಾ ಕಂಪೆನಿಯ ಇ-61 ಮೆಷಿನ್ ಲಿವರಿನ ಜಾಗದಲ್ಲಿ ಕರೆಂಟಿನ ಪಂಪ್ ತಂದಿತು. ಇಂದಿಗೂ ಲೆಕ್ಕ ಹೆಚ್ಚುಕಡಿಮೆ ಅದೇ: ಸುಮಾರು 9 ಬಾರ್ ಒತ್ತಡ, 90ರಿಂದ 96 ಡಿಗ್ರಿ ಬಿಸಿ ನೀರು, 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್.

ಈ ಲೆಕ್ಕ ಮನೆಯ ಮೆಷಿನ್‌ನಲ್ಲಿ ಯಾಕೆ ತಪ್ಪುತ್ತದೆ, ಯಾವ ಭಾಗ ಹಾಕಿದರೆ ಸರಿಹೋಗುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ಮೊದಲನೆಯದು ಬಾಸ್ಕೆಟ್, ಅಂದರೆ ಪುಡಿ ತುಂಬುವ ಜಾಲರಿ ಬಟ್ಟಲು. ಮನೆಯ ಅಗ್ಗದ ಮೆಷಿನ್‌ಗಳಲ್ಲಿ ಎರಡು ತಳದ ಬಟ್ಟಲು ಇರುತ್ತದೆ. ಒಳ ತಳದಲ್ಲಿ ಬಹಳ ತೂತು, ಹೊರ ತಳದಲ್ಲಿ ಒಂದೇ ಸೂಜಿಯಷ್ಟು ತೂತು. ಪುಡಿ ಹೇಗೇ ಇರಲಿ, ಆ ಒಂದೇ ತೂತಿನಿಂದ ಚಿಮ್ಮಿ ನೊರೆ ಬರುತ್ತದೆ. ನೋಡಲು ಚಂದ, ರುಚಿ ಸಪ್ಪೆ. ಅದನ್ನು ತೆಗೆದು ಒಂದೇ ತಳದ, ತೂತುಗಳೆಲ್ಲ ಒಂದೇ ಅಳತೆಗಿರುವ ಬಟ್ಟಲು ಹಾಕಿದರೆ ನೀರಿಗೆ ಪುಡಿಯೇ ತಡೆ ಒಡ್ಡಬೇಕು. ಆಗ ಪುಡಿಯ ಗುಣ ಲೋಟಕ್ಕೆ ಬರುತ್ತದೆ. ಆದರೆ ನೆನಪಿರಲಿ, ನಮ್ಮ ಹೊಟೇಲಿನ ದೊಡ್ಡ ಮೆಷಿನ್‌ಗಳ ಅಳತೆ ಹೆಚ್ಚಾಗಿ 58 ಮಿಲಿಮೀಟರ್. ಮನೆಯವುಗಳಲ್ಲಿ 51, 54 ಕೂಡ ಇವೆ. ಅಳತೆ ನೋಡದೆ ತಂದರೆ ಹಣ ದಂಡ.

ಎರಡನೆಯದು ಒತ್ತಡದ ಸ್ಪ್ರಿಂಗ್. ಪೆಟ್ಟಿಗೆಯ ಮೇಲೆ '15 ಬಾರ್' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಪಂಪಿನ ಶಕ್ತಿ, ಕಾಫಿಗೆ ಬೇಕಾದದ್ದಲ್ಲ. ಒತ್ತಡ ಮಿತಿ ಮೀರಿದರೆ ನೀರು ಪುಡಿಯ ನಡುವೆ ಬಿರುಕು ಹುಡುಕಿ ಓಡುತ್ತದೆ. ಓಡಿದ ಕಡೆ ಕಹಿ, ಓಡದ ಕಡೆ ಹುಳಿ, ಎರಡೂ ಒಂದೇ ಲೋಟದಲ್ಲಿ. ಕೆಲವು ಮೆಷಿನ್‌ಗಳಲ್ಲಿ ಹೆಚ್ಚಾದ ನೀರನ್ನು ಟ್ಯಾಂಕಿಗೆ ಹಿಂದೆ ಬಿಡುವ ಒಂದು ವಾಲ್ವ್ ಇರುತ್ತದೆ. ಅದರ ಸ್ಪ್ರಿಂಗ್ ಬದಲಿಸಿ 9 ಬಾರ್‌ಗೆ ಇಳಿಸುತ್ತಾರೆ. ಬೆರಳ ತುದಿಯಷ್ಟು ಸ್ಪ್ರಿಂಗ್, ಆದರೆ ರುಚಿಯಲ್ಲಿ ದೊಡ್ಡ ವ್ಯತ್ಯಾಸ.

ಮೂರನೆಯದು ನೀರು ಸುರಿಯುವ ಜಾಲರಿ ಮತ್ತು ಅದರ ಸುತ್ತಲಿನ ರಬ್ಬರ್ ವಾಷರ್. ಜಾಲರಿಯಲ್ಲಿ ಹಳೆಯ ಕಾಫಿಯ ಎಣ್ಣೆ ಕೂತರೆ ನೀರು ಒಂದೇ ಬದಿಗೆ ಬೀಳುತ್ತದೆ. ಬಿಸಿಗೆ ರಬ್ಬರ್ ಕಲ್ಲಾದರೆ ಹಿಡಿಯ ಪಕ್ಕದಿಂದ ನೀರು ಸೋರಿ ಒತ್ತಡ ಹೋಗುತ್ತದೆ. ಈಗ ಸಿಲಿಕಾನ್ ವಾಷರ್ ಬರುತ್ತದೆ, ಅದು ಬೇಗ ಗಟ್ಟಿಯಾಗುವುದಿಲ್ಲ. ನಾಲ್ಕನೆಯದು ಪಿಐಡಿ ಎಂಬ ಬಿಸಿ ಕಾಯುವ ಎಲೆಕ್ಟ್ರಾನಿಕ್ ಭಾಗ. ಸಾಧಾರಣ ಥರ್ಮೋಸ್ಟ್ಯಾಟ್ ಇರುವ ಸಣ್ಣ ಬಾಯ್ಲರಿನಲ್ಲಿ ಬಿಸಿ ಹಲವು ಡಿಗ್ರಿ ಏರಿಳಿಯುತ್ತದೆ. ಇದು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಬಲ್ಲವರು ಮೊದಲ ಹಣ ಹಾಕುವುದು ಗ್ರೈಂಡರಿಗೆ. ಒಂದು ಚೂರು ದಪ್ಪ, ಒಂದು ಚೂರು ಹಿಟ್ಟಿನಂತೆ ಪುಡಿಯಾದರೆ ಯಾವ ಬಾಸ್ಕೆಟೂ ಕಾಪಾಡುವುದಿಲ್ಲ. ಇದನ್ನು ನಮಗೆ ಬೇರೆಯವರು ಕಲಿಸಬೇಕೇ? ರುಬ್ಬುವ ಕಲ್ಲು ನುಣುಪಾದರೆ ಇಡ್ಲಿ ಹಿಟ್ಟು ಸರಿಯಾಗುವುದಿಲ್ಲವೆಂದು ಕಲ್ಲು ಕುಟ್ಟಿಸಿದವರು ನಾವು. ಆದರೆ ಕಾಫಿ ಗ್ರೈಂಡರಿನ ಬರ್ ಸವೆದದ್ದನ್ನು ಎಷ್ಟು ಮಂದಿ ಬಿಚ್ಚಿ ನೋಡಿದ್ದೇವೆ?

ನಮ್ಮ ಆಕ್ಷೇಪ ಇಲ್ಲಿಯೇ ಇರುವುದು. ಮನೆಯಲ್ಲಿ ದಿನಕ್ಕೆ ಎರಡು ಲೋಟ ಕಾಫಿ ಮಾಡುವವನು ಸಾವಿರ ರೂಪಾಯಿಯ ಭಾಗಕ್ಕೆ ತಲೆ ಕೆಡಿಸಿಕೊಳ್ಳುತ್ತಾನೆ. ದಿನಕ್ಕೆ ನೂರಾರು ಲೋಟ ಮಾರುವ ನಾವು ಲಕ್ಷಗಟ್ಟಲೆ ಕೊಟ್ಟು ಮೆಷಿನ್ ತಂದು, ಒರೆಸಿ, ಹೂ ಹಾಕಿ ಪೂಜೆ ಮಾಡಿ, ವಾಷರನ್ನು ಮುಟ್ಟುವುದೇ ಇಲ್ಲ. ಕಾಫಿ ಕೆಟ್ಟರೆ ಹುಡುಗನಿಗೆ ಬೈಯುತ್ತೇವೆ, ಇಲ್ಲವೇ ಪುಡಿ ಕೊಟ್ಟವನಿಗೆ.

ನಮ್ಮ ಹೊಟೇಲಿನ ಎರಡು ಹಿಡಿಯ ಮೆಷಿನ್‌ನಲ್ಲಿ ಒಂದು ಬದಿ ಸೋರಲು ಶುರುವಾದಾಗ ಸರ್ವಿಸಿಗೆ ಬಂದವರು "ಇದು ಹಳತಾಯಿತು, ಹೊಸದು ತೆಗೆದುಕೊಳ್ಳಿ, ಹಳೆಯದನ್ನು ಎಕ್ಸ್‌ಚೇಂಜಿನಲ್ಲಿ ಹಿಡಿಯುತ್ತೇವೆ" ಎಂದರು. ನಾವು ಒಪ್ಪಲಿಲ್ಲ. ವಾಷರ್, ಜಾಲರಿ, ಎರಡು ಬಾಸ್ಕೆಟ್ ತರಿಸಿ, ಕೌಂಟರಿನ ಹುಡುಗನ ಕೈಯಲ್ಲೇ ಹಾಕಿಸಿದೆವು. ಅದೇ ಮೆಷಿನ್ ಇಂದಿಗೂ ನಡೆಯುತ್ತಿದೆ. ಮಾರುವವನಿಗೆ ಹೊಸ ಮೆಷಿನ್‌ನಲ್ಲಿ ಲಾಭ, ವಾಷರಿನಲ್ಲಿ ಏನಿದೆ? ಅವನನ್ನು ದೂರಿ ಫಲವಿಲ್ಲ, ನಮಗೇ ತಿಳಿದಿರಬೇಕು.

"ನಮ್ಮ ಗಿರಾಕಿಗೆ ಬೇಕಾದದ್ದು ಫಿಲ್ಟರ್ ಕಾಫಿ, ಈ ಎಸ್ಪ್ರೆಸೊ ಪುರಾಣ ನಮಗೇಕೆ?" ಎಂದು ಕೆಲವರು ಕೇಳಬಹುದು. ಮಾತು ನ್ಯಾಯವೇ. ಆದರೆ ಮಕ್ಕಳ ಕೈಗೆ ವ್ಯವಹಾರ ಬಂದಂತೆ ಅನೇಕ ಹೊಟೇಲುಗಳಲ್ಲಿ ಎರಡೂ ಬಂದಿವೆ. ಫಿಲ್ಟರಿಗೂ ನಿಯಮ ಇದೇ. ತೂತು ಮುಚ್ಚಿದ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದಿಲ್ಲ, ತೂತು ದೊಡ್ಡದಾದರೆ ನೀರಾಗಿ ಇಳಿಯುತ್ತದೆ. 2024-25ರಲ್ಲಿ ಕಾಫಿ ಬೀಜದ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದು ನಮಗೆಲ್ಲ ನೆನಪಿದೆ. ಅಷ್ಟು ಬೆಲೆ ಕೊಟ್ಟು ತಂದ ಪುಡಿಯ ಸಾರ ಲೋಟಕ್ಕೆ ಬಾರದೆ ಚರಟದ ಜೊತೆ ಕಸದ ಡಬ್ಬಿಗೆ ಹೋದರೆ ನಷ್ಟ ಯಾರಿಗೆ? ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರನ ಶ್ರಮಕ್ಕೂ ಅದು ಮರ್ಯಾದೆಯಲ್ಲ.

ಎಲ್ಲವನ್ನೂ ಬದಲಿಸಿ ಎಂದೂ ನಾವು ಹೇಳುವುದಿಲ್ಲ. ಮರದ ಹಿಡಿ, ಬಣ್ಣದ ಟ್ಯಾಂಪರ್ ಇವೆಲ್ಲ ಶೋಕಿ, ರುಚಿಗೆ ಸಂಬಂಧವಿಲ್ಲ. ಚಿಕೋರಿ ಬೆರೆಸಿದ ಪುಡಿಯನ್ನು ಎಸ್ಪ್ರೆಸೊ ಮೆಷಿನ್‌ಗೆ ಹಾಕಬೇಡಿ, ಅಂಟಿಕೊಂಡು ದಾರಿ ಕಟ್ಟುತ್ತದೆ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಬೇರೆ ಯಾವ ಭಾಗಕ್ಕಿಂತ ಮೊದಲು ನೀರಿನ ಫಿಲ್ಟರ್ ಹಾಕಿಸಿ, ಇಲ್ಲವಾದರೆ ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಬಾಯ್ಲರಿನ ಸೇಫ್ಟಿ ವಾಲ್ವನ್ನು ಮಾತ್ರ ಕಲಿಯದವರು ಮುಟ್ಟಬಾರದು. ವಾಷರ್ ಬದಲಿಸುವಾಗಲೂ ಕರೆಂಟ್ ತೆಗೆದು, ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಾಕಬೇಕು. ಜೀವಕ್ಕಿಂತ ಕಾಫಿ ದೊಡ್ಡದಲ್ಲ.

ಸಂಘಕ್ಕೆ ನಮ್ಮದೊಂದು ಸಲಹೆ ಇದೆ. ಒಂದು ಊರಿನ ಸದಸ್ಯರೆಲ್ಲ ಸೇರಿ ವಾಷರ್, ಜಾಲರಿ, ಬಾಸ್ಕೆಟ್, ಬರ್ ಒಟ್ಟಿಗೆ ತರಿಸಿದರೆ ಅಗ್ಗಕ್ಕೆ ಸಿಗುತ್ತದೆ, ಅಗತ್ಯ ಬಿದ್ದ ದಿನ ಕೈಗೆ ಸಿಗುತ್ತದೆ. ಪ್ರತಿ ಹೊಟೇಲಿನಿಂದ ಒಬ್ಬ ಹುಡುಗನಿಗೆ ಒಂದು ದಿನದ ತರಬೇತಿ ಕೊಡಿಸಬಹುದು. ಕೆಲಸ ಕಲಿತ ಹುಡುಗನಿಗೆ ಸಂಬಳ ಸ್ವಲ್ಪ ಹೆಚ್ಚು ಕೊಡಬೇಕಾದೀತು. ಕೊಡೋಣ, ಸರ್ವಿಸ್ ಬಿಲ್ಲಿಗಿಂತ ಅದು ಕಡಿಮೆಯೇ. ಕಟ್ಟಿಗೆ ಒಲೆಯಿಂದ ಗ್ಯಾಸಿಗೆ, ಒರಳಿನಿಂದ ಗ್ರೈಂಡರಿಗೆ ಬಂದವರು ನಾವು. ಹೊಸದು ನಮಗೆ ಕಷ್ಟವಲ್ಲ. ಯಾವ ಭಾಗವನ್ನು ಯಾವ ತಾರೀಕಿಗೆ ಬದಲಿಸಿದೆವು ಎಂದು ಮೆಷಿನ್ ಪಕ್ಕದಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡರೆ ಆರಂಭಕ್ಕೆ ಅಷ್ಟು ಸಾಕು. ಮುಂದಿನ ಸಲ ಗಿರಾಕಿ ಪ್ರಶ್ನೆ ಕೇಳಿದಾಗ ಆ ಪುಸ್ತಕ ತೆರೆದು ತೋರಿಸುವಂತಾಗಲಿ.