ಮತಪತ್ರವನ್ನು ಮೊದಲು ಮತದಾರರ ಕೈಗೆ ಕೊಟ್ಟು ನೋಡಿ

2025ರ ಸೆಪ್ಟೆಂಬರ್‌ನಲ್ಲಿ ಮತಪತ್ರಕ್ಕೆ ಸಂಬಂಧಿಸಿದ ಎರಡು ತೀರ್ಮಾನಗಳು ಹೊರಬಿದ್ದವು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಯಂತ್ರದ ಬದಲು ಮತಪತ್ರದಲ್ಲಿ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ನಮ್ಮ ರಾಜ್ಯದ ಸಚಿವ ಸಂಪುಟ ನಿರ್ಧರಿಸಿತು. ಅದೇ ತಿಂಗಳು ಭಾರತ ಚುನಾವಣಾ ಆಯೋಗ, ಮತಯಂತ್ರದ ಮೇಲೆ ಕೂರಿಸುವ ಮತಪತ್ರದ ರೂಪ ಬದಲಿಸಿತು. ಅಭ್ಯರ್ಥಿಯ ಚಿತ್ರ ಬಣ್ಣದಲ್ಲಿರಬೇಕು, ಅದರ ಮುಕ್ಕಾಲು ಜಾಗ ಮುಖಕ್ಕೇ ಮೀಸಲಾಗಬೇಕು, ಕ್ರಮಸಂಖ್ಯೆ 30 ಪಾಯಿಂಟಿನ ದಪ್ಪ ಅಂಕಿಯಲ್ಲಿರಬೇಕು, ಎಲ್ಲರ ಹೆಸರೂ ಒಂದೇ ಬಗೆಯ, ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚಾಗಬೇಕು, ವಿಧಾನಸಭೆ ಚುನಾವಣೆಗೆ ಗುಲಾಬಿ ಬಣ್ಣದ ಕಾಗದ ಬಳಸಬೇಕು ಎಂದು ಹೇಳಿ, ಬಿಹಾರದ ಚುನಾವಣೆಯಿಂದಲೇ ಜಾರಿಗೆ ತಂದಿತು.

ಯಂತ್ರವೋ ಕಾಗದವೋ ಎಂಬುದಕ್ಕೆ ಜೋರು ವಾಗ್ವಾದ ನಡೆಯಿತು. ಕಾಗದದ ಮೇಲೆ ಏನಿರಬೇಕು, ಹೇಗಿರಬೇಕು ಎಂಬುದು ಚರ್ಚೆಗೇ ಬರಲಿಲ್ಲ. ಮತ ಚಲಾಯಿಸುವವರ ದೃಷ್ಟಿಯಿಂದ ನೋಡಿದರೆ ಅದೇ ಹೆಚ್ಚು ಮುಖ್ಯವಾದ ಪ್ರಶ್ನೆ ಎಂದು ನಾವು ನಂಬಿದ್ದೇವೆ.

ಮಂಡ್ಯದ 2019ರ ಲೋಕಸಭಾ ಚುನಾವಣೆ ನೆನಪಿಸಿಕೊಳ್ಳಿ. ಕಣದಲ್ಲಿ 22 ಮಂದಿ. ಒಂದು ಯಂತ್ರದಲ್ಲಿ 16 ಗುಂಡಿಗಳಷ್ಟೇ ಇರುವುದರಿಂದ ಎರಡು ಯಂತ್ರ ಜೋಡಿಸಬೇಕಾಯಿತು. ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರ ಹೆಸರು ಎರಡನೇ ಯಂತ್ರದಲ್ಲಿ, ಕ್ರಮಸಂಖ್ಯೆ 20ರಲ್ಲಿತ್ತು. ಅದರ ಆಸುಪಾಸಿನಲ್ಲೇ ಸುಮಲತಾ ಎಂಬ ಹೆಸರಿನವರು ಇನ್ನೂ ಮೂವರಿದ್ದರು. ಅಂಚೆಚೀಟಿಯಷ್ಟಗಲದ ಕಪ್ಪು-ಬಿಳುಪು ಚಿತ್ರವಿತ್ತು, ಚಿಹ್ನೆಯಿತ್ತು. ಆದರೂ ಆ ಮೂವರಿಗೂ ಸಾವಿರಗಟ್ಟಲೆ ಮತ ಬಿದ್ದವು. ಗೆಲುವಿನ ಅಂತರ ಲಕ್ಷ ದಾಟಿದ್ದರಿಂದ ಫಲಿತಾಂಶಕ್ಕೆ ಧಕ್ಕೆಯಾಗಲಿಲ್ಲ. ಅಂತರ ಕೆಲವೇ ಸಾವಿರದ್ದಾಗಿದ್ದರೆ? ಚಿತ್ರಕ್ಕೆ ಬಣ್ಣ ಬರಲಿ, ಮುಖ ದೊಡ್ಡದಾಗಿ ಕಾಣಲಿ ಎಂದು ಆಯೋಗ ಹೇಳಿದ್ದನ್ನು ನಾವು ಮನಸಾರೆ ಸ್ವಾಗತಿಸುವುದು ಈ ಕಾರಣಕ್ಕೆ.

ಆದರೆ ಈ ಕಾಳಜಿ ಯಂತ್ರದ ಬಳಿಯೇ ನಿಂತುಬಿಟ್ಟಿದೆ. ಯಂತ್ರದಲ್ಲಿ ಎರಡು ಗುಂಡಿ ಒತ್ತಿ ಮತ ಕೆಡಿಸಿಕೊಳ್ಳಲು ಬರುವುದಿಲ್ಲ, ಕಾಗದದಲ್ಲಿ ಬರುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಒಂದೇ ಕ್ಷೇತ್ರದಿಂದ ಇಬ್ಬರು, ಮೂವರು ಸದಸ್ಯರು ಆರಿಸಿ ಬರುವುದುಂಟು. ಎಷ್ಟು ಮಂದಿಯ ಮುಂದೆ ಮೊಹರು ಒತ್ತಬಹುದು ಎಂಬುದು ಸರದಿಯಲ್ಲಿ ನಿಂತವರಿಗೆ ಗೊತ್ತಿರಬೇಕು. ಒಂದು ಹೆಚ್ಚಾದರೆ ಇಡೀ ಮತಪತ್ರ ಅಸಿಂಧು.

ಒಳ್ಳೆಯ ವಿನ್ಯಾಸ ನಮಗೆ ಬಾರದ ವಿದ್ಯೆಯೇನಲ್ಲ. ಆ ಮೊಹರನ್ನೇ ನೋಡಿ. ಅದರ ನಾಲ್ಕು ತೋಳುಗಳಿಗೂ ಒಂದೇ ದಿಕ್ಕಿಗೆ ತಿರುಗಿದ ಬಾಣದ ಮೊನೆಗಳಿವೆ. ಹಸಿ ಶಾಯಿಯ ಮತಪತ್ರವನ್ನು ಮಡಿಸಿದಾಗ ಗುರುತು ಇನ್ನೊಬ್ಬ ಅಭ್ಯರ್ಥಿಯ ಮೇಲೂ ಅಂಟಿಕೊಳ್ಳಬಹುದು. ಆದರೆ ಹಾಗೆ ಅಂಟಿದ ಗುರುತಿನಲ್ಲಿ ಬಾಣಗಳು ಉಲ್ಟಾ ತಿರುಗಿರುತ್ತವೆ. ಮತದಾರ ಒತ್ತಿದ್ದು ಯಾವುದು, ಮಡಿಕೆಯಿಂದ ಮೂಡಿದ್ದು ಯಾವುದು ಎಂದು ಎಣಿಕೆ ಮೇಜಿನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಮತದಾರರ ಕೈ ಎಲ್ಲಿ ತಪ್ಪಬಹುದು ಎಂದು ಮೊದಲೇ ಊಹಿಸಿ ಮಾಡಿದ ಕೆಲಸ ಅದು.

ಆ ಮುಂದಾಲೋಚನೆ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾನದಲ್ಲಿ ಕಾಣುವುದಿಲ್ಲ. ಅಲ್ಲಿ ಚಿಹ್ನೆಯಿಲ್ಲ, ಯಂತ್ರವಿಲ್ಲ, ಮೊಹರೂ ಇಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ನಮೂದಿಸಬೇಕು. 1 ಎಂದು ಒಬ್ಬರಿಗೆ ಬರೆಯಲೇಬೇಕು, ಉಳಿದದ್ದು ಮತದಾರರ ಇಷ್ಟ. ಕನ್ನಡದ ೧ ಬರೆದರೂ ನಡೆಯುತ್ತದೆ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಟಿಕ್ ಹಾಕಿದರೆ, ಜೇಬಿನ ಪೆನ್ನಿನಿಂದ ಬರೆದರೆ, ಇಬ್ಬರ ಮುಂದೆ 1 ಹಾಕಿದರೆ, ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಅಂಕಿ ಕೂತರೆ, ಕೆಳಗೊಂದು ಸಹಿ ಹಾಕಿದರೆ ಮತ ಹೋಯಿತೆಂದೇ ಲೆಕ್ಕ. ಪ್ರತಿ ಎಣಿಕೆಯಲ್ಲೂ ಸಾವಿರಾರು ಮತಪತ್ರಗಳು ಹೀಗೆ ಬುಟ್ಟಿ ಸೇರುತ್ತವೆ. ಮರುದಿನ ‘ಪದವೀಧರರಿಗೇ ಮತ ಹಾಕಲು ಬಾರದು’ ಎಂಬ ಶೀರ್ಷಿಕೆಗಳು ಪತ್ರಿಕೆಗಳಲ್ಲಿ ಬರುತ್ತವೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಇಷ್ಟೊಂದು ಜನ, ಅದೂ ಓದು ಬಲ್ಲವರು, ಚುನಾವಣೆಯಿಂದ ಚುನಾವಣೆಗೆ ಅದೇ ಜಾಗದಲ್ಲಿ ಎಡವುತ್ತಿದ್ದಾರೆಂದರೆ ಸರಿಪಡಿಸಬೇಕಾದದ್ದು ಆ ಜಾಗವನ್ನು. ಸದಾ ಗುಂಡಿ ಒತ್ತಿ ರೂಢಿಯಾದವರು ಆರು ವರ್ಷಕ್ಕೊಮ್ಮೆ ಅಂಕಿ ಬರೆಯಲು ಬರುತ್ತಾರೆ. ನಿಯಮಗಳು ಗೋಡೆಗೆ ಅಂಟಿಸಿದ ಪ್ರಕಟಣೆಯಲ್ಲಿ, ಕಚೇರಿ ಕನ್ನಡದಲ್ಲಿ, ಒಂದರ ಬೆನ್ನಿಗೊಂದು ‘ತಕ್ಕದ್ದು’, ‘ತಕ್ಕದ್ದಲ್ಲ’ಗಳಾಗಿ ನಿಂತಿರುತ್ತವೆ. ಸರದಿ ಮುಂದೆ ಸರಿಯುತ್ತಿರುವಾಗ ಅದನ್ನು ಓದಿ ಮುಗಿಸುವುದು ಯಾರಿಂದ ಸಾಧ್ಯ?

ಇಷ್ಟು ಬರೆದರೆ ಸಾಕಿತ್ತು: ನಿಮ್ಮ ಮೊದಲ ಆಯ್ಕೆಯವರ ಹೆಸರಿನ ಮುಂದಿನ ಚೌಕದೊಳಗೆ 1 ಎಂದು ಬರೆಯಿರಿ. ಇಲ್ಲಿ ಕೊಟ್ಟ ಪೆನ್ನನ್ನೇ ಬಳಸಿ. ಬೇಕಿದ್ದರೆ ಬೇರೆಯವರ ಮುಂದೆ 2, 3 ಬರೆಯಿರಿ. ಟಿಕ್ ಬೇಡ, ಸಹಿ ಬೇಡ. ಪಕ್ಕದಲ್ಲಿ ಕಾಲ್ಪನಿಕ ಹೆಸರುಗಳಿಂದ ತುಂಬಿದ ಒಂದು ಮಾದರಿ ಮತಪತ್ರದ ಚಿತ್ರ. ಮತ ಹಾಕುವ ಮರೆಯೊಳಗೆ, ಕಣ್ಣಿನ ಮಟ್ಟಕ್ಕೆ, ಬರೆಯುವ ಹೊತ್ತಿಗೆ ಎದುರಿಗೇ ಕಾಣುವಂತೆ ಅದನ್ನು ಅಂಟಿಸಬೇಕು.

ಅಕ್ಷರ ಹಿಗ್ಗಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯ ಅಧಿಕಾರಿಗಳು ಮಾಡಿದ್ದು ಅದನ್ನೇ. ಅಲ್ಲಿ ವಯಸ್ಸಾದ ಮತದಾರರು ಹೆಚ್ಚು. ಅವರಿಗೆ ಓದಲು ಸುಲಭವಾಗಲಿ ಎಂದು ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸದೆ ಎದುರುಬದುರು ಎರಡು ಪುಟಗಳಿಗೆ ಹರಡಿದವು. ಮತ ಹಾಕಲು ತೂತು ಒತ್ತುವ ಸಾಲು ನಡುವೆ ಒಂದೇ ಉಳಿಯಿತು. ಎಡಪುಟದಲ್ಲಿ ಎರಡನೆಯವರಾಗಿ ಕಾಣುತ್ತಿದ್ದ ಅಲ್ ಗೋರ್ ಅವರಿಗೆ ಮೂರನೇ ತೂತು. ಎರಡನೆಯದು ಬಲಪುಟದ ಪ್ಯಾಟ್ ಬುಕಾನನ್ ಅವರದು. 19 ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ತೂತು ಬಿದ್ದು ಅವು ರದ್ದಾದವು. ಇಡೀ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ, ಅಧ್ಯಕ್ಷ ಪದವಿ ನಿರ್ಧಾರವಾದದ್ದು ಆ ಒಂದು ರಾಜ್ಯದಿಂದ. ಅಧಿಕಾರಿಗಳ ಉದ್ದೇಶದಲ್ಲಿ ಕೊಂಕಿರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಒಂದಿಷ್ಟು ಮಂದಿ ಹಿರಿಯರ ಕೈಗೆ ಆ ಮತಪತ್ರ ಕೊಟ್ಟು, ಅವರು ಎಲ್ಲಿ ಒತ್ತುತ್ತಾರೆಂದು ನೋಡಿದ್ದರೆ ತೊಡಕು ಅಲ್ಲೇ ಬಯಲಾಗುತ್ತಿತ್ತು.

ಮನೆಗೆ ಬರುವ ಮತದಾರರ ಚೀಟಿಯ ವಿಷಯದಲ್ಲೂ ಭಾರತ ಚುನಾವಣಾ ಆಯೋಗ 2025ರ ಮೇ ತಿಂಗಳಲ್ಲಿ ಒಂದು ಹೆಜ್ಜೆ ಇಟ್ಟಿತು. ಭಾಗಸಂಖ್ಯೆ, ಕ್ರಮಸಂಖ್ಯೆ ಎದ್ದು ಕಾಣುವಂತೆ ದೊಡ್ಡದಾಗಿ ಅಚ್ಚಾಗಲಿ ಎಂದಿತು. ಮತಗಟ್ಟೆ ಸಿಬ್ಬಂದಿ ಪಟ್ಟಿಯಲ್ಲಿ ಹುಡುಕುವುದು ಈ ಎರಡು ಅಂಕಿಗಳನ್ನೇ ಆದ್ದರಿಂದ ಇದು ಸರಿಯಾದ ಕ್ರಮ.

ಇನ್ನು ಆಗಬೇಕಾದದ್ದು. ಮತಪತ್ರ, ಸೂಚನಾಫಲಕ, ಮತದಾರರ ಚೀಟಿ ಯಾವುದೇ ಇರಲಿ, ಅಚ್ಚಿಗೆ ಹೋಗುವ ಮೊದಲು ಅದು ಸಾಮಾನ್ಯ ಮತದಾರರ ಮುಂದೆ ಬರಬೇಕು. ಸಂತೆಗೆ ಬಂದ ರೈತ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳು, ಮೊದಲ ಸಲ ಮತ ಹಾಕಲಿರುವ ಹುಡುಗ, ಕನ್ನಡಕ ಮನೆಯಲ್ಲೇ ಮರೆತು ಬಂದ ನಿವೃತ್ತ ಮೇಷ್ಟ್ರು, ಇಂಥವರಿಗೆ ಮಾದರಿ ಕೊಟ್ಟು ‘ಮತ ಹಾಕಿ ತೋರಿಸಿ’ ಎನ್ನಬೇಕು. ಅಧಿಕಾರಿಗಳು ವಿವರಿಸಲು ಹೋಗದೆ ನೋಡುತ್ತಾ ನಿಲ್ಲಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ತಿದ್ದಬೇಕು. ಮತದಾರರ ಜಾಗೃತಿಯ ಜಾಥಾ, ರಂಗೋಲಿ, ಬೀದಿನಾಟಕಗಳಿಗೆ ತಗಲುವ ವೆಚ್ಚದ ಸಣ್ಣ ಪಾಲು ಇದಕ್ಕೆ ಸಾಕು. ಎಣಿಕೆ ಮುಗಿದ ಮೇಲೆ, ಯಾವ ಕಾರಣಕ್ಕೆ ಎಷ್ಟು ಮತಗಳು ಅಸಿಂಧುವಾದವು ಎಂಬ ಲೆಕ್ಕವನ್ನು ಕ್ಷೇತ್ರವಾರು ಪ್ರಕಟಿಸಬೇಕು. ಈಗ ಸಿಗುವ ಒಟ್ಟು ಸಂಖ್ಯೆಯಿಂದ ಏನನ್ನೂ ತಿದ್ದಲಾಗದು.

ಪಶ್ಚಿಮ ಮತ್ತು ಆಗ್ನೇಯ ಪದವೀಧರ ಕ್ಷೇತ್ರಗಳು, ಬೆಂಗಳೂರು ಮತ್ತು ಈಶಾನ್ಯ ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾದ ಸದಸ್ಯರ ಅವಧಿ 2026ರಲ್ಲಿ ಮುಗಿಯುತ್ತದೆ. ಈ ನಾಲ್ಕು ಕ್ಷೇತ್ರಗಳ ಸೂಚನಾಫಲಕದಿಂದಲೇ ಮುಖ್ಯ ಚುನಾವಣಾಧಿಕಾರಿಗಳು ಈ ಕೆಲಸ ಆರಂಭಿಸಬಹುದು. ಅದಕ್ಕೆ ಕಾನೂನಿನ ತಿದ್ದುಪಡಿ ಬೇಕಿಲ್ಲ.