ಜಗುಲಿಯ ಎಲ್ಲೆ

ಶರದೃತುವಿನ ಭಾನುವಾರ. ಮಳೆ ಹಿಂದೆಗೆದು ಆಕಾಶ ತಿಳಿಯಾಗಿದೆ; ಅಂಗಳದ ತುಂಬ ಪಾರಿಜಾತ ಉದುರಿದೆ. ಜಿನದರ್ಶನ ಮುಗಿಸಿ ಬಂದು ಜಗುಲಿಯಲ್ಲಿ ಕುಳಿತಾಗ, ಇಂದು ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ಅರಿವೇ ಒಂದು ಸುಖ. ಈ ಸುಖ ಆಲಸ್ಯವಾಗದೆ ಸಾಧನೆಯಾಗುವುದು ಹೇಗೆ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶವ್ರತವೂ ಒಂದು. ಇಂತಿಷ್ಟು ಕಾಲ ಈ ಮನೆಯ, ಈ ಬೀದಿಯ ಎಲ್ಲೆಯನ್ನು ದಾಟೆನೆಂಬ ಸಂಕಲ್ಪವದು. ತತ್ತ್ವಾರ್ಥಸೂತ್ರವು ಇದಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಎಲ್ಲೆಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ಧ್ವನಿಯಿಂದ ಸೂಚಿಸುವುದು, ರೂಪ ತೋರಿಸುವುದು, ಕಲ್ಲು ಮುಂತಾದುದನ್ನು ಎಸೆದು ಗಮನ ಸೆಳೆಯುವುದು. ಇಂದಿನ ಮೊಬೈಲು ಇವುಗಳಲ್ಲಿ ಹೆಚ್ಚಿನವನ್ನು ಅಂಗೈಯಲ್ಲೇ ಒದಗಿಸಿದೆ.

ಕಳೆದ ಭಾನುವಾರ ಸಂಜೆಯವರೆಗೆ ಮನೆ ಬಿಡೆನೆಂದು ನಾನೂ ಸಂಕಲ್ಪಿಸಿದ್ದೆ. ಮಧ್ಯಾಹ್ನದೊಳಗೆ ಬೇಡದ ವಸ್ತುವೊಂದನ್ನು ತರಿಸಿಯಾಗಿತ್ತು. ಹಿರಿಯರ ಜಮೀನಿನ ವಿಷಯದಲ್ಲಿ ತಮ್ಮನೊಡನೆ ಫೋನಿನಲ್ಲೇ ಕಟುವಾಗಿ ಮಾತನಾಡಿಯೂ ಆಗಿತ್ತು. ದೇಹ ಜಗುಲಿಯಲ್ಲಿತ್ತು, ಕ್ರೋಧ ಲೋಭಗಳು ಹೊಲದ ಬದುವಿನಲ್ಲಿದ್ದವು. ಮನಸ್ಸು ಎಲ್ಲೆ ಮೀರಿದ ಮೇಲೆ ಕಾಲು ಮನೆಯಲ್ಲಿದ್ದು ಫಲವೇನು?

ಆದುದರಿಂದ ಇಂದು ಮೊಬೈಲು ಪೆಟ್ಟಿಗೆಯಲ್ಲಿದೆ. 48 ನಿಮಿಷಗಳ ಒಂದು ಸಾಮಾಯಿಕ. ಬಳಿಕ ಮಳೆಗಾಲದ ತೇವ ಹಿಡಿದ ಗ್ರಂಥಗಳನ್ನು ಸೂಕ್ಷ್ಮಜೀವಿಗಳಿಗೆ ನೋವಾಗದಂತೆ ಮೃದುವಾಗಿ ಒರೆಸಿ, ನೆರಳಿನ ಗಾಳಿಗೆ ತೆರೆದಿಡುವ ಕೆಲಸ. ಮನೆಯವರೊಡನೆ ಸೂರ್ಯಾಸ್ತಕ್ಕೆ ಮುನ್ನ ಊಟ. ಇಷ್ಟರಲ್ಲೇ ದಿನ ತುಂಬಿತು, ಯಾವುದರ ಕೊರತೆಯೂ ಕಾಣಲಿಲ್ಲ.

ಸಂಕಲ್ಪದ ಅವಧಿ ಮುಗಿದ ಮೇಲೆ ಮಾಡಬೇಕಾದ ಮೊದಲ ಕರೆ ತಮ್ಮನಿಗೆ, ಕ್ಷಮೆ ಬೇಡುವುದಕ್ಕಾಗಿ.